ಶಾಂತಲೆಯ ಕಾದಂಬರಿ: ಈ ಕರಡಿನಲ್ಲಿ ಏನೇನು ತಪ್ಪಿದೆ?

ತಾಳೆಗರಿ (ಪ್ರಶ್ನೆ)

ಹೊಯ್ಸಳರ ಪಟ್ಟಮಹಾದೇವಿ ಶಾಂತಲೆಯ ಬಗ್ಗೆ ಐತಿಹಾಸಿಕ ಕಾದಂಬರಿಯ ಕರಡೊಂದು ಅರ್ಧಕ್ಕೆ ಬಂದಿದೆ. ಹಂದರ ಹೀಗಿದೆ. 1116ರ ತಲಕಾಡಿನ ಜಯದಿಂದ ಕಥೆ ಶುರು. ರಾಮಾನುಜಾಚಾರ್ಯರ ಪ್ರಭಾವದಿಂದ ಬಿಟ್ಟಿದೇವ ವಿಷ್ಣುವರ್ಧನನಾಗುತ್ತಾನೆ, ಜೈನಳಾದ ಶಾಂತಲೆ ಒಂಟಿಯಾಗುತ್ತಾಳೆ. ಸವತಿ ಲಕ್ಷ್ಮಾದೇವಿ ತನ್ನ ಮಗ ನರಸಿಂಹನಿಗೆ ಪಟ್ಟ ಕಟ್ಟಿಸಲು ಒಳಸಂಚು ಹೂಡುತ್ತಾಳೆ. ಅರಸನಿಗೆ ತನ್ನಿಂದ ಮಕ್ಕಳಾಗಲಿಲ್ಲವೆಂಬ ಕೊರಗಿನಲ್ಲಿ ಶಾಂತಲೆ ಶಿವಗಂಗೆಯ ಬೆಟ್ಟದಿಂದ ಧುಮುಕುತ್ತಾಳೆ.

ಒಂದು ತುಣುಕು ಕೆಳಗಿದೆ:

"ರಾತ್ರಿ ಹನ್ನೊಂದು ಗಂಟೆ. ದರ್ಬಾರು ಮುಗಿಸಿದ ಚಕ್ರವರ್ತಿ ವಿಷ್ಣುವರ್ಧನ ಜನಾನಾದ ಬಾಗಿಲಲ್ಲಿ ನಿಂತ. ಮಹಾರಾಣಿ ಶಾಂತಲೆ ಕುರ್ಚಿಯಲ್ಲಿ ಕೂತು ಗಾಜಿನ ಕನ್ನಡಿ ನೋಡಿಕೊಂಡು ಮೂಗುತಿ ಸರಿಪಡಿಸಿಕೊಳ್ಳುತ್ತಿದ್ದಳು. ಮುಡಿಯಲ್ಲಿ ಚೆಂಡುಹೂವು. ಪಕ್ಕದ ಮೇಜಿನ ಮೇಲೆ ಗೋಡಂಬಿ, ಜೇನು ಬೆರೆಸಿದ ಹಾಲು. 'ಊಟ ತಯಾರಿದೆ ಪ್ರಭು, ನಿಮಗಾಗಿ ಕಾದು ನಾನೂ ಉಂಡಿಲ್ಲ' ಎಂದಳು. ಅವನಿಗೆ ಖುಷಿಯಾಯಿತು."

ಹಂದರದಲ್ಲೂ ತುಣುಕಿನಲ್ಲೂ ಎಡವಿದ್ದೆಲ್ಲಿ, ಬದಲಿಗೆ ಏನು ಬರೆಯಬಹುದು, ಬಲ್ಲವರು ತಿಳಿಸಿ.

ಚಿಕ್ಕಬೆಟ್ಟ

ಮೊದಲು ಹಂದರವನ್ನೇ ಹಿಡಿಯೋಣ. ಅದರ ನಡುಗಂಬವೇ ಕಾಲದ ಲೆಕ್ಕಕ್ಕೆ ನಿಲ್ಲುತ್ತಿಲ್ಲ.

ಶಾಂತಲೆ ತೀರಿಕೊಂಡದ್ದು 1131ರಲ್ಲಿ. ನರಸಿಂಹ ಹುಟ್ಟಿದ್ದು 1133ರ ಸುಮಾರಿಗೆ. ದೋರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ, ಮಹಾಪ್ರಧಾನ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಲ್ಲಿನ ಶಾಸನ ಈ ಸಂಗತಿಯನ್ನು ಬಿಡಿಸಿ ಹೇಳುತ್ತದೆ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ಯುತ್ತಾರೆ. ಅವನು ಆಗಷ್ಟೇ ಮಸಣನೆಂಬ ಎದುರಾಳಿಯನ್ನು ಗೆದ್ದಿದ್ದಾನೆ, ಲಕ್ಷ್ಮಾದೇವಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿದೆ. ಆ ಸಂತೋಷಕ್ಕೆ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಡುತ್ತಾನೆ. ಶಾಂತಲೆ ಬದುಕಿರುವವರೆಗೆ ನರಸಿಂಹನೇ ಇರಲಿಲ್ಲ. ಅವನಿಗೆ ಪಟ್ಟ ಕಟ್ಟಿಸುವ ಸಂಚು ಹೂಡಲು ಯಾರಿಗೂ ಸಾಧ್ಯವಿರಲಿಲ್ಲ.

"ಮಕ್ಕಳಿಲ್ಲದ ಅರಸ" ಎಂಬುದೂ ನಿಲ್ಲುವುದಿಲ್ಲ. ಮೂಡಿಗೆರೆ ಸೀಮೆಯ ಹಂತೂರಿನ 1130ರ ಶಾಸನದಲ್ಲಿ ಅರಸನ ಮಗ ಕುಮಾರ ಬಲ್ಲಾಳದೇವನ ಹೆಸರಿದೆ, ಅವನ ಅಕ್ಕ ಹರಿಯಬ್ಬರಸಿ ಅಲ್ಲಿ ಎತ್ತರದ ಚೈತ್ಯಾಲಯ ಕಟ್ಟಿಸಿದ್ದೂ ಇದೆ. ಶಾಂತಲೆ ತೀರಿಕೊಳ್ಳುವ ಹಿಂದಿನ ವರ್ಷವೇ ಬಸದಿ ಕಟ್ಟಿಸುವಷ್ಟು ಬೆಳೆದ ಮಗಳು ಆ ಮನೆಯಲ್ಲಿದ್ದಳು.

ಇನ್ನು ಧುಮುಕಿದ ಕಥೆ. ಶ್ರವಣಬೆಳಗೊಳದ ಶಾಸನದ ಮಾತು ಇಷ್ಟೇ: ಸಕವರ್ಷ 1053, ವಿರೋಧಿಕೃತು ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ, "ಸಿವಗಂಗೆಯ ತೀರ್ಥದಲು ಮುಡಿಪಿ ಸ್ವರ್ಗತೆಯಾದಳು". ಈ 'ಮುಡಿಪು' ಎಂಬ ಕ್ರಿಯಾಪದದ ತವರು ಅಲ್ಲಿನ ಚಿಕ್ಕಬೆಟ್ಟದ ನಿಸಿದಿ ಕಲ್ಲುಗಳು. ವ್ರತ ಹಿಡಿದು ಒಡಲು ತೊರೆದವರಿಗೆ ಏಳನೆಯ ಶತಮಾನದಿಂದಲೂ ಅಲ್ಲಿ ಇದೇ ಮಾತನ್ನು ಕೊರೆದಿದ್ದಾರೆ. ಶಾಸನದಲ್ಲಿ ಬಂಡೆಯಿಂದ ಬಿದ್ದ ಮಾತಿಲ್ಲ, ಕೊರಗಿನ ಮಾತೂ ಇಲ್ಲ.

ರಾಮಾನುಜರ ವಿಷಯಕ್ಕೆ ಬಂದರೆ, ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ ಅವರ ಹೆಸರು ಬರುವುದಿಲ್ಲ. ಮತಾಂತರದ ದೃಶ್ಯ ಬೇಕೇಬೇಕು ಅನಿಸಿದರೆ ಬರೆಯಿರಿ, ಆದರೆ ಹೆಸರು ಬದಲಾದದ್ದನ್ನು ಅದಕ್ಕೆ ಗುರುತಾಗಿ ಬಳಸಬೇಡಿ. 'ಬಿಟ್ಟಿ' ಎಂಬುದು 'ವಿಷ್ಣು'ವಿನ ತದ್ಭವ, ಎರಡೂ ಒಂದೇ ಹೆಸರು. ಜೊತೆಗೆ, ಅರಸ ವಿಷ್ಣುಭಕ್ತನಾದ ಮೇಲೂ ಬಸದಿಗಳಿಗೆ ದತ್ತಿ ನಿಲ್ಲಲಿಲ್ಲ. ಮೇಲೆ ಹೇಳಿದ ವಿಜಯಪಾರ್ಶ್ವನ ಪ್ರಸಂಗವೇ ಸಾಕ್ಷಿ.

ಕರಡಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಇಸವಿಗಳು: 1108 ಪಟ್ಟಾಭಿಷೇಕ. 1116 ತಲಕಾಡು. 1117 ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ, ಅದೇ ಆವರಣದಲ್ಲಿ ಶಾಂತಲೆಯ ಕಪ್ಪೆ ಚೆನ್ನಿಗರಾಯನ ಗುಡಿ. 1118 ಕಣ್ಣೇಗಾಲದ ಕಾಳಗ. 1123 ಬೆಳಗೊಳದಲ್ಲಿ ಶಾಂತಲೆಯ ಸವತಿಗಂಧವಾರಣ ಬಸದಿ. 1131 ಸಾವು.

ಸಂವತ್ಸರದ ಹೆಸರು ಹಾಕುವಾಗ ಬಹಳ ಮಂದಿ ಎಡವುತ್ತಾರೆ. ಲೆಕ್ಕ ಸುಲಭ. ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿ, ಉಳಿದ ಸಂಖ್ಯೆಯನ್ನು ಪ್ರಭವದಿಂದ ಎಣಿಸಿ, ಶೇಷ ಸೊನ್ನೆಯಾದರೆ ಕೊನೆಯ ಅಕ್ಷಯ. 1039ಕ್ಕೆ 12 ಕೂಡಿದರೆ 1051, ಶೇಷ 31, ಅದು ಹೇವಿಳಂಬಿ, ಬೇಲೂರಿನ ವರ್ಷ. ಶಕಕ್ಕೆ 78 ಸೇರಿಸಿದರೆ ಇಸವಿ ಬರುತ್ತದೆ. ಜನವರಿ ಬಂದ ಮೇಲಿನ ತಿಂಗಳುಗಳಲ್ಲಿ ಹೊಸ ಇಸವಿ ಹುಟ್ಟಿರುವುದರಿಂದ ಆಗ 79. ಶಕವರ್ಷದ ಕೊನೆಯ ತಿಂಗಳುಗಳ ದೃಶ್ಯದಲ್ಲಿ ಒಂದು ವರ್ಷ ತಪ್ಪುವುದು ಇಲ್ಲೇ.

ಗಳಿಗೆಬಟ್ಟಲು

ತುಣುಕಿನ ಭಾಷೆಯ ಬಗ್ಗೆ. ಸಂಭಾಷಣೆಯನ್ನು ಹನ್ನೆರಡನೆಯ ಶತಮಾನದ ಕನ್ನಡದಲ್ಲೇ ಬರೆಯಬೇಕಿಲ್ಲ, ಬರೆದರೆ ಓದುಗ ಮೂರನೆಯ ಪುಟಕ್ಕೆ ಕೈಬಿಡುತ್ತಾನೆ. ಆದರೆ ಆ ಕಾಲಕ್ಕೆ ಇನ್ನೂ ನಮ್ಮ ನುಡಿಗೆ ಬಂದಿರದ ಪದ ಒಂದಾದರೂ ನುಸುಳಿದರೆ ಇಡೀ ದೃಶ್ಯ ಪೇಶ್ವೆಯರ ಕಾಲಕ್ಕೆ ಜಾರುತ್ತದೆ. ನಿಮ್ಮ ಆರೇಳು ಸಾಲಿನಲ್ಲಿ ದರ್ಬಾರು, ಜನಾನಾ, ಕುರ್ಚಿ, ಮೇಜು, ತಯಾರು, ಖುಷಿ ಬಂದಿವೆ, ಎಲ್ಲವೂ ಪಾರಸಿ ಅರಬ್ಬಿ ನಂಟಿನವು. ಮುಂದೆ ಹುಕುಂ, ಖಜಾನೆ, ಅರ್ಜಿ, ಹಾಜರು, ಸರದಾರ, ಗುಲಾಮ, ಕಾಗದ ಇವೂ ಬರಬಹುದು, ಈಗಲೇ ಹುಡುಕಿ ತೆಗೆಯಿರಿ.

ಬದಲಿಗೆ ನಮ್ಮಲ್ಲೇ ಒಳ್ಳೆಯ ಮಾತುಗಳಿವೆ. ದರ್ಬಾರಿಗೆ ಓಲಗ, ಜನಾನಾಕ್ಕೆ ರಾಣಿವಾಸ, ಹುಕುಮಿಗೆ ಬೆಸ, ಅರ್ಜಿಗೆ ಬಿನ್ನಪ, ಖಜಾನೆಗೆ ಭಂಡಾರ, ಫೌಜಿಗೆ ಪಡೆ, ಗೂಢಚಾರನಿಗೆ ಬೇಹಿನವನು. ಅರಸ ಬೀಡುಬಿಟ್ಟ ಊರು ನೆಲೆವೀಡು. ಅರಸನನ್ನು 'ಜೀಯ', 'ದೇವ' ಎಂದು ಕರೆಯಲಿ. ಅವನಿಲ್ಲದಾಗ ಅವನ ಮಾತು ಬಂದರೆ 'ದೇವರು' ಎನ್ನಲಿ. ಶಾಂತಲೆಗೆ 'ಮಹಾರಾಣಿ' ಬೇಡ. ಶಾಸನದಲ್ಲಿ ಆಕೆ ಪಟ್ಟಮಹಾದೇವಿ, ಪಿರಿಯರಸಿ. ಅರಸ ಎದುರಿಗೆ 'ದೇವಿ' ಎಂದರೆ ಸಾಕು. ತಾಯಿಯನ್ನು ಆಕೆ 'ಅಬ್ಬೆ' ಎನ್ನಲಿ.

'ಚಕ್ರವರ್ತಿ' ಎಂಬುದು ಬರೀ ಪದದ ತಪ್ಪಲ್ಲ, ರಾಜಕಾರಣದ ತಪ್ಪು. ಆಗ ಚಕ್ರವರ್ತಿ ಎನಿಸಿಕೊಂಡಿದ್ದವನು ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಆಳಿದವನು. ವಿಷ್ಣುವರ್ಧನ ಅವನ ಕೆಳಗಿನ ಮಹಾಮಂಡಳೇಶ್ವರ. ಆ ಹಗ್ಗವನ್ನು ಹರಿದುಕೊಳ್ಳಲು ಅವನು ಪಟ್ಟ ಪಾಡೇ ಆ ಇಪ್ಪತ್ತು ವರ್ಷದ ಕಥೆ. ಮೊದಲ ಪುಟದಲ್ಲೇ ಚಕ್ರವರ್ತಿ ಮಾಡಿಬಿಟ್ಟರೆ ಅವನಿಗೆ ಗಳಿಸಲು ಏನೂ ಉಳಿಯುವುದಿಲ್ಲ.

ಹೊತ್ತು: ಹಗಲು ಇರುಳು ಸೇರಿ 60 ಗಳಿಗೆ, ಒಂದು ಗಳಿಗೆ ಎಂದರೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ, ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ. ಮೂರು ಗಂಟೆಗೆ ಒಂದು ಜಾವ. ನಿಮ್ಮ ಹನ್ನೊಂದು ಗಂಟೆ ಎಂದರೆ ಸೂರ್ಯ ಮುಳುಗಿ ಹನ್ನೆರಡು ಗಳಿಗೆ, ಇರುಳಿನ ಎರಡನೆಯ ಜಾವ.

ಹಣ: ಒಂದು ಗದ್ಯಾಣಕ್ಕೆ ಹತ್ತು ಹಣ, ಹಣಕ್ಕೆ ನಾಲ್ಕು ಹಾಗ, ಹಾಗಕ್ಕೆ ನಾಲ್ಕು ವೀಸ. ವಿಷ್ಣುವರ್ಧನನ ಹೊನ್ನಿನ ಗದ್ಯಾಣ ಸುಮಾರು 4 ಗ್ರಾಂ ತೂಗುತ್ತದೆ. ಒಂದು ಮೈಯಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ'. 1116ಕ್ಕೆ ಮುಂಚಿನ ದೃಶ್ಯದಲ್ಲಿ ಈ ನಾಣ್ಯ ಯಾರ ಕೈಯಲ್ಲೂ ಇರಬಾರದು. ಗೆದ್ದ ಮೇಲೆ ಅದು ಮೊದಲ ಸಲ ಶಾಂತಲೆಯ ಅಂಗೈಗೆ ಬರುವುದನ್ನು ಒಂದು ದೃಶ್ಯವಾಗಿ ಬರೆಯಬಹುದು.

ಸಂಪಿಗೆ

ಮುಡಿಯ ಚೆಂಡುಹೂವು, ಮೇಜಿನ ಗೋಡಂಬಿ ಎರಡೂ ಅಮೆರಿಕದ ಕಡೆಯವು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲಷ್ಟೇ ಅಲ್ಲಿಯ ಗಿಡಗಳು ಈ ನೆಲಕ್ಕೆ ಕಾಲಿಟ್ಟವು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಸೀತಾಫಲ, ಪರಂಗಿ, ಸೀಬೆ, ಅನಾನಸು, ಹೊಗೆಸೊಪ್ಪು ಇವೂ ಹಾಗೆಯೇ. ದೇವಸ್ಥಾನದ ಅಂಗಳದಲ್ಲಿ ದೇವಕಣಗಿಲೆ ಉದುರಿತ್ತು ಎಂದು ಬರೆಯಲು ಕೈ ತುಡಿಯುತ್ತದೆ, ಅದೂ ಆ ಕಡೆಯ ಮರವೇ. ಗುಲ್ಮೊಹರ್ ಮಡಗಾಸ್ಕರಿನದು. ಖಾರಕ್ಕೆ ಕಾಳುಮೆಣಸು, ಶುಂಠಿ. ಮುಡಿಗೆ ಮಲ್ಲಿಗೆ, ಜಾಜಿ, ಸಂಪಿಗೆ, ಸುರಗಿ, ಕೇದಗೆ. ಕೆರೆಗೆ ತಾವರೆ, ನೈದಿಲೆ.

ಊಟಕ್ಕೆ ಆ ಕಾಲದ ಆಧಾರವೇ ಇದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಶಾಂತಲೆಯ ಕೊನೆಯ ವರ್ಷಗಳಲ್ಲೇ ಸಿದ್ಧವಾದ ಗ್ರಂಥ. ಅದರಲ್ಲಿ ಇಡ್ಡರಿಕೆ, ದೋಸಕ, ವಟಕ, ಮಂಡಕ ಎಲ್ಲ ಬರುತ್ತವೆ. ಆದರೆ ಆಗಿನ ಇಡ್ಡಲಿಗೆ ಉದ್ದಿನದು, ಮೆಣಸು ಜೀರಿಗೆ ಇಂಗು ಹಾಕಿದ್ದು, ಅದಕ್ಕೆ ಅಕ್ಕಿ ಬೀಳುತ್ತಿರಲಿಲ್ಲ. "ಮಲ್ಲಿಗೆಯಂಥ ಬಿಳಿ ಇಡ್ಲಿ" ಎಂದು ವರ್ಣಿಸಿದರೆ ತಪ್ಪಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು "ನಿಮಗಾಗಿ ಕಾದು ನಾನೂ ಉಂಡಿಲ್ಲ" ಎಂಬ ಮಾತಿನಲ್ಲಿದೆ. ಶಾಸನಗಳು ಶಾಂತಲೆಯನ್ನು ವ್ರತ ಗುಣ ಶೀಲಗಳುಳ್ಳವಳು, ಸಮ್ಯಕ್ತ್ವಚೂಡಾಮಣಿ ಎಂದು ಹೊಗಳುತ್ತವೆ. ಅಂಥ ಶ್ರಾವಕಿ, ಅಂದರೆ ವ್ರತ ಪಾಲಿಸುವ ಜೈನ ಗೃಹಿಣಿ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಜೇನು ಮುಟ್ಟುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳು ಆಕೆಯ ಅಡುಗೆಗೆ ಬೀಳುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾಳೆ.

ಈ ಅಡ್ಡಿಯಿಂದಲೇ ನಿಮ್ಮ ಕಥೆಗೆ ಬೇಕಾದ್ದು ಸಿಗುತ್ತದೆ. ಜೈನ ಮನೆಯಲ್ಲಿ ಬೆಳೆದ ಅರಸನೂ ಮೊದಲು ಹೊತ್ತು ಮುಳುಗುವ ಮುಂಚೆ ಆಕೆಯೊಡನೆ ಉಂಡು ಏಳುತ್ತಿದ್ದ ಎಂದಿಟ್ಟುಕೊಳ್ಳಿ. ಒಂದು ದಿನ ಅವನು ದೀಪ ಹಚ್ಚಿದ ಮೇಲೆ ಉಣ್ಣಲು ಕೂರುತ್ತಾನೆ. ಅವನ ನಂಬಿಕೆ ಬದಲಾದದ್ದನ್ನು ಹೇಳಲು ಆಚಾರ್ಯರ ಉಪದೇಶ, ವಾದ, ಜಯಘೋಷ ಒಂದೂ ಬೇಡ. ಇಬ್ಬರ ಊಟದ ಹೊತ್ತು ಬೇರೆಯಾಯಿತು, ಅಷ್ಟೇ.

ಒಡವೆ, ಉಡುಗೆ: ಮೂಗುತಿ ತೆಗೆಯಿರಿ. ಬೇಲೂರು ಹಳೇಬೀಡಿನ ಹೆಣ್ಣು ಶಿಲ್ಪಗಳನ್ನು ಒಂದೊಂದಾಗಿ ನೋಡಿದರೂ ಮೂಗಿನಲ್ಲಿ ಒಡವೆ ಕಾಣಿಸುವುದಿಲ್ಲ. ಕಿವಿ, ಕೊರಳು, ತೋಳು, ಸೊಂಟ, ಕಾಲಲ್ಲಿ ಬೇಕಾದಷ್ಟಿದೆ. ಕನ್ನಡಿ ತಿಕ್ಕಿ ಹೊಳಪೇರಿಸಿದ ಕಂಚಿನದು, ಕೈಯಲ್ಲಿ ಹಿಡಿಯುವಂಥದು. ಈಗಿನಂತೆ ಎದೆಯ ಮೇಲೆ ಹಾದು ಬೆನ್ನಿಗೆ ಇಳಿಯುವ ಸೆರಗು ಬೇಡ. ಮತ್ತೆ, ಬೇಲೂರಿನ ದರ್ಪಣಸುಂದರಿ ಶಾಂತಲೆಯೇ ಎಂದು ಎಲ್ಲೂ ಕೊರೆದಿಲ್ಲ. ಅಲ್ಲಿ ಹೆಸರು ಕೊರೆದುಕೊಂಡವರು ಶಿಲ್ಪಿಗಳು, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಾದಂಬರಿಗೆ ರೂವಾರಿ ಬೇಕಾದರೆ ಜಕಣನಿಗಿಂತ ಈ ಅಪ್ಪ ಮಗ ಗಟ್ಟಿ.

ನಾಟ್ಯದ ದೃಶ್ಯವಿದ್ದರೆ 'ಭರತನಾಟ್ಯ' ಎನ್ನಬೇಡಿ, ಆ ಹೆಸರು ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮಡಿಲಲ್ಲಿಟ್ಟು ನುಡಿಸುವ ಇಂದಿನ ಸರಸ್ವತಿ ವೀಣೆಯೂ ಬೇಡ, ಅದು ಹದಿನೇಳನೆಯ ಶತಮಾನದ ತಂಜಾವೂರಿನದು. ಕಿನ್ನರಿ, ಕೊಳಲು, ಮದ್ದಳೆ, ತಾಳ ಸಾಕು.

ತಾಳೆಗರಿ

ಎಲ್ಲರಿಗೂ ಧನ್ಯವಾದ. ನರಸಿಂಹನ ಲೆಕ್ಕ ನೋಡಿದ ಮೇಲೆ ಅರ್ಧ ಕರಡು ಬಿದ್ದುಹೋಯಿತು, ಬೀಳಬೇಕಾದ್ದೇ ಬಿದ್ದಿದೆ. ಈಗ ಮೂರು ಪ್ರಶ್ನೆ. ಪಟ್ಟದ ಸಂಚು ಇಲ್ಲದಿದ್ದರೆ ರಾಣಿವಾಸದಲ್ಲಿ ಅಧಿಕಾರದ ಜಗ್ಗಾಟ ಯಾವುದರ ಮೇಲೆ ನಡೆಯುತ್ತಿತ್ತು? ಗಂಡ ಹೆಂಡಿರ ಪ್ರೀತಿಯನ್ನು ತೋರಿಸುವುದು ಯಾವುದರಲ್ಲಿ? 'ಸವತಿಗಂಧವಾರಣೆ' ಎಂಬ ಬಿರುದು ಜಗಳಕ್ಕೆ ಪುರಾವೆಯಲ್ಲವೇ?

ಯಗಚಿ

ಬಿರುದಿನಿಂದ ಶುರು ಮಾಡೋಣ. ಪೂರ್ತಿ ರೂಪ 'ಉದ್ವೃತ್ತ ಸವತಿಗಂಧವಾರಣೆ', ಅಂದರೆ ಸೊಕ್ಕಿದ ಸವತಿಯರಿಗೆ ಮದದಾನೆ. ಇದು ಓಲಗದಲ್ಲಿ ಹೊಗಳುಭಟ್ಟರು ಎಲ್ಲರೆದುರಿಗೆ ಕೂಗುತ್ತಿದ್ದ ಮಾತು. ಬಮ್ಮಲದೇವಿ, ರಾಜಲದೇವಿ, ಲಕ್ಷ್ಮಾದೇವಿ ಇವರ ನಡುವೆ ಮೊದಲ ಜಾಗ ಯಾರದೆಂದು ಸಾರುವ ಮಾತು. ಕೋಣೆಯೊಳಗಿನ ಕೂದಲು ಜಗ್ಗಾಟಕ್ಕೆ ಇದನ್ನು ಪುರಾವೆ ಮಾಡಬೇಡಿ. ಅದೇ ಹೊಗಳಿಕೆಯಲ್ಲಿ ಆಕೆ 'ವಿವೇಕೈಕ ಬೃಹಸ್ಪತಿ', 'ಪ್ರತ್ಯುತ್ಪನ್ನ ವಾಚಸ್ಪತಿ' ಕೂಡ. ಎರಡನೆಯದಕ್ಕೆ ಕೇಳಿದ ಮರುಗಳಿಗೆಯಲ್ಲೇ ತಕ್ಕ ಉತ್ತರ ಕೊಡುವವಳು ಎಂದರ್ಥ. ಪಾತ್ರ ಕಟ್ಟಲು ಇದಕ್ಕಿಂತ ಬೇರೆ ಸುಳಿವು ಬೇಕೆ? ನಿಮ್ಮ ಶಾಂತಲೆ ಅಳುತ್ತಾಳೆ, ಕಾಯುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ, ಒಂದು ಸಲವೂ ಚುರುಕಾಗಿ ಮಾತಾಡುವುದಿಲ್ಲ.

ಜಗ್ಗಾಟ ನಡೆಯುತ್ತಿದ್ದದ್ದು ಊರುಗಳ ಮೇಲೆ, ಅವುಗಳ ಹುಟ್ಟುವಳಿಯ ಮೇಲೆ, ಅದನ್ನು ಯಾವ ದೇವರ, ಯಾವ ಗುರುವಿನ ಹೆಸರಿಗೆ ಬಿಡಬೇಕು ಎಂಬುದರ ಮೇಲೆ. ಆ ಕಾಲದ ಅರಸಿಯರು ಬರೀ ಒಳಮನೆಯವರಲ್ಲ. ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು, 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಆರನೆಯ ವಿಕ್ರಮಾದಿತ್ಯನ ರಾಣಿಯರು ಅಗ್ರಹಾರಗಳನ್ನೂ ಊರುಗಳನ್ನೂ ತಮ್ಮ ಹೆಸರಿನಲ್ಲೇ ಆಳಿದರು. ಪರದೆಯ ಹಿಂದಿನಿಂದ ಪಿಸುಗುಟ್ಟುವ ರಾಣಿಯನ್ನು ಆ ಶತಮಾನಕ್ಕೆ ತರಬೇಡಿ. ಬೇಲೂರಿನ ಮೂಡಣ ಬಾಗಿಲ ಪಕ್ಕದ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ಅರಸ ಓಲಗದಲ್ಲಿದ್ದಾನೆ, ಅರಸಿ ಪಕ್ಕದಲ್ಲೇ ಕೂತಿದ್ದಾಳೆ.

ಶಾಂತಲೆಯ ಬೆನ್ನಿಗೆ ಯಾರಿದ್ದರು ನೋಡಿ. ತಂದೆ ಪೆರ್ಗಡೆ ಮಾರಸಿಂಗಯ್ಯ, ಶೈವ. ತಾಯಿ ಮಾಚಿಕಬ್ಬೆ ಜೈನಳು, ದಂಡನಾಯಕ ಬಲದೇವನ ಮಗಳು. ಅಂದರೆ ಅಪ್ಪನ ಕಡೆ ಲೆಕ್ಕಪತ್ರದ ಅಧಿಕಾರ, ಅಮ್ಮನ ಕಡೆ ಪಡೆಯ ಅಧಿಕಾರ, ಮನೆಯೊಳಗೇ ಎರಡು ಮತ. ಗುರು ಪ್ರಭಾಚಂದ್ರ ಸಿದ್ಧಾಂತದೇವ. ಆಚೆ ಮಹಾಪ್ರಧಾನ ಗಂಗರಾಜ, ಅವನೂ ಜೈನ, ಅವನ ಗುರು ಶುಭಚಂದ್ರ ಸಿದ್ಧಾಂತದೇವ. ಒಂದೇ ಧರ್ಮ, ಎರಡು ಗುರುಮನೆ, ಎರಡು ದೊಡ್ಡ ದಾನಿಗಳು. ಒಳಸಂಚು ಬೇಕೆನಿಸಿದರೆ ಇಲ್ಲಿ ಹುಡುಕಿ.

ಗಂಗರಾಜನ ಒಂದು ಪ್ರಸಂಗ ಹಾಗೇ ದೃಶ್ಯವಾಗುತ್ತದೆ. 1118ರಲ್ಲಿ ಚಾಲುಕ್ಯರ ಪಡೆ ಹನ್ನೆರಡು ಸಾಮಂತರೊಡನೆ ಕಣ್ಣೇಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜ ಇರುಳಿನಲ್ಲಿ ಮೇಲೆಬಿದ್ದು ಚೆದುರಿಸಿದ. ಮೆಚ್ಚಿದ ಅರಸ "ಬೇಡಿಕೋ" ಎಂದ. ಅವನು ಪರಮ ಎಂಬ ಊರನ್ನು ಕೇಳಿದ, ಅದೂ ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮಿಯೂ ಕಟ್ಟಿಸಿದ ಬಸದಿಗಳಿಗೆ. ಗೆದ್ದದ್ದು ಗಂಡಸಿನ ಕತ್ತಿ, ಊರು ಸಂದದ್ದು ಹೆಂಗಸರ ಬಸದಿಗೆ. ಆ ಓಲಗದಲ್ಲಿ ಪಟ್ಟಮಹಾದೇವಿ ಕೂತಿದ್ದಾಳೆ. ಆಕೆಯ ಬಸದಿ ಇನ್ನೂ ಐದು ವರ್ಷ ದೂರದಲ್ಲಿದೆ. ಆಕೆ ಏನು ಲೆಕ್ಕ ಹಾಕುತ್ತಿರಬಹುದು? ಇಲ್ಲಿ ನಿಮ್ಮ ಕಲ್ಪನೆಗೆ ಬೇಕಾದಷ್ಟು ಜಾಗವಿದೆ.

ದಾನದ ದೃಶ್ಯವನ್ನು ಬಹಳ ಕಾದಂಬರಿಗಳು "ದಾನ ನೀಡಿದಳು" ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುತ್ತವೆ. ಅದರ ಕ್ರಮ ಹೀಗೆ. ಒಳ್ಳೆಯ ಹೊತ್ತು ಗೊತ್ತುಮಾಡುತ್ತಾರೆ, ಸಂಕ್ರಮಣವೋ ಗ್ರಹಣವೋ ಆಗಿರುತ್ತದೆ. ಅರಸನಿಗೆ ಬಿನ್ನಪ ಹೋಗಿ ಒಪ್ಪಿಗೆ ಬರುತ್ತದೆ. ದಾನ ಮಾಡುವವರು ಗುರುವಿನ ಕಾಲು ತೊಳೆದು, ಕೈಗೆ ನೀರು ಎರೆದು ಬಿಡುತ್ತಾರೆ. ಶಾಸನದ ಮಾತಿನಲ್ಲಿ "ಕಾಲಂ ಕರ್ಚಿ ಧಾರಾಪೂರ್ವಕಂ". ಊರಿನ ಎಲ್ಲೆಯನ್ನು ದಿಕ್ಕು ದಿಕ್ಕಾಗಿ ಹೇಳುತ್ತಾರೆ: ಮೂಡಲು ಬಂಡೆ, ತೆಂಕಲು ಹಳ್ಳ, ಪಡುವಲು ಆಲದ ಮರ. ತೆರಿಗೆಗಳಿಂದ ಬಿಡುಗಡೆ. ಕೊನೆಗೆ ಶಾಪ: ಅಳುಪಿದವನಿಗೆ, ಅಂದರೆ ದತ್ತಿ ಕೆಡಿಸಿದವನಿಗೆ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ಹಚ್ಚಿ ಒರೆಸಿದಾಗ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಅದರಿಂದ ಕಲ್ಲಿಗೆ. 1123ರಲ್ಲಿ ಶಾಂತಲೆ ಶಾಂತಿನಾಥನ ಬಸದಿ ಕಟ್ಟಿಸಿ ಕಲ್ಕಣಿ ನಾಡಿನ ಮೊಟ್ಟೆನವಿಲೆಯನ್ನು ಪ್ರಭಾಚಂದ್ರರಿಗೆ ಬಿಟ್ಟದ್ದು ಇಂಥ ಕ್ರಮದಲ್ಲಿ. ಬಸದಿಗೆ ತನ್ನ ಬಿರುದನ್ನೇ ಇಟ್ಟಳು. ಸವತಿಯರು ದೇವರಿಗೆ ಕೈಮುಗಿಯಲು ಬಂದಾಗಲೂ ಆ ಹೆಸರನ್ನು ಹೇಳಲೇಬೇಕು.

ಪ್ರೀತಿಯ ಪ್ರಶ್ನೆ. 1117ರ ಬೇಲೂರಿನ ಆವರಣದಲ್ಲಿ ನಿಂತು ಯೋಚಿಸಿ. ಅರಸ ವಿಜಯನಾರಾಯಣನನ್ನು ನಿಲ್ಲಿಸುತ್ತಾನೆ. ಜೈನಳಾದ ಅರಸಿ ಅದೇ ಅಂಗಳದಲ್ಲಿ, ದಕ್ಷಿಣದ ಪಕ್ಕದಲ್ಲಿ, ಚಿಕ್ಕದಾಗಿ, ಅದೇ ನಾರಾಯಣನನ್ನು ತನ್ನ ಹೆಸರಿನಲ್ಲಿ ನಿಲ್ಲಿಸುತ್ತಾಳೆ. ಪೀಠದ ಮೇಲೆ ಆಕೆಯ ಹೆಸರಿದೆ. ಆರು ವರ್ಷದ ಮೇಲೆ ಅದೇ ಅರಸನ ಒಪ್ಪಿಗೆಯಿಂದ ಚಿಕ್ಕಬೆಟ್ಟದ ಮೇಲೆ ತನ್ನ ತೀರ್ಥಂಕರನ ಬಸದಿ ಏಳುತ್ತದೆ. ಅವನ ದೇವರಿಗೆ ಅವಳು ಗುಡಿ ಕಟ್ಟಿದಳು, ಅವಳ ದೇವರಿಗೆ ಊರು ಬಿಡಲು ಅವನು ಒಪ್ಪಿದ. ಇವರಿಬ್ಬರ ಓಲೆಗಳು ಉಳಿಯಲಿಲ್ಲ, ಗುಡಿ ಬಸದಿಗಳು ಉಳಿದಿವೆ. ಪ್ರೀತಿಯನ್ನೂ ಅಧಿಕಾರವನ್ನೂ ಬೇರೆ ಬೇರೆ ಅಧ್ಯಾಯಕ್ಕೆ ಹಂಚಬೇಡಿ, ಈ ದಂಪತಿಗಳಲ್ಲಿ ಎರಡೂ ಒಂದೇ ದತ್ತಿಯಲ್ಲಿ ಸಿಗುತ್ತವೆ.

ನಿಮ್ಮ ತುಣುಕು ಹೀಗಾಗಬಹುದು. 1118ರ ನಂತರಕ್ಕೆ ಇಡಿ:

"ಸೂರ್ಯ ಮುಳುಗಿ ಹನ್ನೆರಡು ಗಳಿಗೆಯಾಗಿತ್ತು. ಓಲಗ ಹರಿದ ಮೇಲೆ ಅರಸ ರಾಣಿವಾಸಕ್ಕೆ ಬಂದ. ಶಾಂತಲೆ ಮಣೆಯ ಮೇಲೆ ಕೂತು ವೀಳೆಯದೆಲೆಯ ನರ ತೆಗೆಯುತ್ತಿದ್ದಳು. ಕಂಚಿನ ಕನ್ನಡಿ ಬೋರಲಾಗಿ ಬಿದ್ದಿತ್ತು. 'ಉಂಡೆಯಾ ದೇವಿ?' 'ಹೊತ್ತಿರುವಾಗಲೇ ಆಯಿತು. ಬಡಿಸಲು ಹೇಳಿದ್ದೇನೆ, ದೇವ.' ಅವನು ಉಂಡು ಏಳುವವರೆಗೂ ಎದುರಿಗೇ ಇದ್ದಳು. ಮಡಿಸಿದ ವೀಳೆಯಕ್ಕೆ ಕರ್ಪೂರ, ಲವಂಗ, ಜಾಯಿಕಾಯಿ ಬಿದ್ದವು. ಅವನ ಅಂಗೈಯಲ್ಲಿಟ್ಟಳು. ತನ್ನ ಬೆರಳನ್ನು ಒರೆಸಿಕೊಂಡಳು. 'ಮೊಟ್ಟೆನವಿಲೆಯ ಕೆರೆ ಈ ಸಲ ತುಂಬಿದೆಯಂತೆ' ಎಂದಳು."

ಕೋಡುಗಲ್ಲು

ಎಲ್ಲ ಒಪ್ಪಿದರೂ ಒಂದು ತಕರಾರು. ಶಿವಗಂಗೆಯ ತುದಿಯನ್ನು ಇಂದಿಗೂ ಜನ ಶಾಂತಲೆಯ ಹೆಸರಿನಿಂದಲೇ ಕರೆಯುತ್ತಾರೆ. ಬೆಟ್ಟ ಹತ್ತಿದ ಪ್ರತಿಯೊಬ್ಬರಿಗೂ ಆ ಕಥೆ ಗೊತ್ತು. ಅದನ್ನು ಪೂರ್ತಿ ಅಳಿಸಿದ ಕಾದಂಬರಿ ಓದುಗರಿಗೆ ಪರಕೀಯ ಅನಿಸುತ್ತದೆ. ಶಾಸನವೂ ಹೊಗಳಿಕೆಯ ಬರಹವೇ ಅಲ್ಲವೇ?

ಚಿಕ್ಕಬೆಟ್ಟ

ಶಾಸನದಲ್ಲಿ ಹೊಗಳಿಕೆ ಇದೆ, ನಿಜ. ಆದರೆ ತಿಥಿ, ವಾರ, ಊರು, ಸಾಕ್ಷಿ ನಿಂತ ಗುರುಗಳ ಹೆಸರು ಹೊಗಳಿಕೆಯಲ್ಲ. ಕಥೆಯನ್ನು ಉಳಿಸಿಕೊಳ್ಳುವ ದಾರಿಯೂ ಇದೆ: ಅದನ್ನು ನಡೆದ ಸಂಗತಿಯಾಗಿ ಬರೆಯದೆ ಜನರ ಬಾಯಲ್ಲಿ ಇಡಿ. ಸುದ್ದಿ ಹೊತ್ತ ಓಲೆಕಾರ ಹೋಗುವ ದಾರಿಯಲ್ಲಿ ಒಂದು ಊರಿನ ಕಟ್ಟೆಯ ಮೇಲೆ ಆಗಲೇ "ಬೆಟ್ಟದಿಂದ ಬಿದ್ದಳಂತೆ" ಎಂಬ ಮಾತು ಹುಟ್ಟಿರಲಿ. ಅವನು ತಿದ್ದಲು ಹೋಗಿ ಸುಮ್ಮನಾಗಲಿ. ದಂತಕಥೆಯೂ ಉಳಿಯಿತು, ಶಾಸನವೂ ಉಳಿಯಿತು.

ಇನ್ನು ಕೊನೆಯ ಅಧ್ಯಾಯ. ಅದಕ್ಕೆ ನಾಯಕಿ ಮಾಚಿಕಬ್ಬೆ. ಮಗಳು ಹೋದ ಮೇಲೆ ತಾನು ಇರಲಾರೆನೆಂದು ಆಕೆ ಬೆಳುಗೊಳಕ್ಕೆ ಬಂದು, ಸನ್ಯಸನ ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಪಂಚಪದ ಎಂಬ ಜೈನರ ನಮಸ್ಕಾರ ಮಂತ್ರ, ಬಂಧುಗಳಿಂದ ಬೀಳ್ಕೊಂಡ ಗಾಂಭೀರ್ಯ, ಎಲ್ಲ ಶಾಸನದಲ್ಲೇ ಇದೆ. ಪ್ರಭಾಚಂದ್ರದೇವ, ವರ್ಧಮಾನದೇವ, ರವಿಚಂದ್ರದೇವರು ಎದುರಿಗಿದ್ದರು.

ಸಲ್ಲೇಖನವನ್ನು, ಅಂದರೆ ಉಪವಾಸದಿಂದ ಒಡಲು ತೊರೆಯುವ ಈ ವ್ರತವನ್ನು, "ಅನ್ನ ನೀರು ಬಿಟ್ಟಳು" ಎಂದು ಒಂದೇಟಿಗೆ ಬರೆಯಬೇಡಿ. ಸಮಂತಭದ್ರರ ರತ್ನಕರಂಡಕವೆಂಬ ಜೈನ ಗ್ರಂಥದಲ್ಲಿ ಅದರ ಮೆಟ್ಟಿಲುಗಳಿವೆ. ಮೊದಲು ವೈರ, ಮೋಹ, ಒಡೆತನ ಬಿಟ್ಟು ತನ್ನವರನ್ನೂ ಆಳುಕಾಳುಗಳನ್ನೂ ಕ್ಷಮಿಸಿ, ತಾನೂ ಕ್ಷಮೆ ಕೇಳುವುದು. ಆಮೇಲೆ ಗಟ್ಟಿ ಆಹಾರವನ್ನು ಮೆಲ್ಲಗೆ ಬಿಟ್ಟು ಹಾಲಿನಂಥ ಜಿಡ್ಡಿನ ಪಾನೀಯಕ್ಕೆ ಬರುವುದು. ಅದನ್ನೂ ಬಿಟ್ಟು ತಿಳಿಗಂಜಿ, ಬಿಸಿನೀರು. ಕೊನೆಗೆ ಅದೂ ಇಲ್ಲ. ಇದಕ್ಕೆ ಐದು ಅತಿಚಾರ, ಅಂದರೆ ದೋಷಗಳಿವೆ: ಇನ್ನೂ ಬದುಕಬೇಕೆನ್ನುವ ಆಸೆ, ಬೇಗ ಸಾಯಬೇಕೆನ್ನುವ ಆಸೆ, ಭಯ, ಒಲಿದವರ ನೆನಪು, ಮುಂದಿನ ಜನ್ಮದ ಫಲದ ಬಯಕೆ.

ನಾಲ್ಕನೆಯದನ್ನು ನೋಡಿ. ಮಗಳಿಗಾಗಿಯೇ ವ್ರತ ಹಿಡಿದ ತಾಯಿಗೆ ಮಗಳ ನೆನಪೇ ದೋಷ. ಆ ಒಂದು ತಿಂಗಳ ಹೋರಾಟ ಹಸಿವಿನೊಂದಿಗಿಂತ ಹೆಚ್ಚಾಗಿ ಇದರೊಂದಿಗೆ. ಶಾಂತಲೆಯ ಬಾಲ್ಯ, ಮದುವೆ, ಬಸದಿಯ ಪ್ರತಿಷ್ಠೆ ಇವನ್ನೆಲ್ಲ ನೀವು ಹಿನ್ನೋಟದಲ್ಲಿ ಹೇಳಬೇಕೆಂದಿದ್ದರೆ, ಅವು ಮಾಚಿಕಬ್ಬೆ ನೆನೆಯಬಾರದ ನೆನಪುಗಳಾಗಿ ಬರಲಿ. ಒಂದೊಂದು ಬಂದಾಗಲೂ ಆಕೆ ಪಂಚಪದಕ್ಕೆ ಮರಳಲಿ.

ದಿನದ ಲೆಕ್ಕ ಸರಿಯಾಗಿರಲಿ. ಶಿವಗಂಗೆಯಿಂದ ಬೆಳಗೊಳಕ್ಕೆ ಸುಮಾರು 100 ಕಿಲೋಮೀಟರ್. ಓಲೆಕಾರರು ಬದಲಾಗುತ್ತ ಓಡಿದರೆ ಎರಡು ದಿನ. ಮೇನೆಯಲ್ಲಿ ದಿನಕ್ಕೆ 20 ಕಿಲೋಮೀಟರಿನಂತೆ ಐದು ದಿನ. ದೋರಸಮುದ್ರದಿಂದ ಶಿವಗಂಗೆಗೆ 150 ಕಿಲೋಮೀಟರಿಗೂ ಹೆಚ್ಚು, ಮೇನೆಗೆ ಎಂಟು ದಿನ ಬೇಕು. ಅರಸ ದೋರಸಮುದ್ರದಲ್ಲಿದ್ದರೆ ಅವನು ಕೊನೆಗಳಿಗೆಗೆ ಓಡಿಬಂದು ಕೈಹಿಡಿಯುವ ದೃಶ್ಯ ನಡೆಯುವುದಿಲ್ಲ. ಸಾವು ಚೈತ್ರ ಶುದ್ಧ ಪಂಚಮಿಗೆ. ಸುದ್ದಿ, ಪಯಣ, ಗುರುವಿನ ಅಪ್ಪಣೆ ಕಳೆದು ಉಪವಾಸ ಶುರುವಾಗುವ ಹೊತ್ತಿಗೆ ಚೈತ್ರದ ಹುಣ್ಣಿಮೆಯಾಗಿರುತ್ತದೆ, ಮುಗಿಯುವುದು ವೈಶಾಖದ ನಡುವೆ. ಚಿಕ್ಕಬೆಟ್ಟ ಬೋಳು ಕಲ್ಲು. ನಡುಹಗಲಿಗೆ ಬರಿಗಾಲು ಇಡಲಾಗುವುದಿಲ್ಲ. ನೀರು ಬಿಟ್ಟ ಕೊನೆಯ ದಿನಗಳಲ್ಲಿ ಮಗಳು ಕಟ್ಟಿಸಿದ ಬಸದಿಯ ನೆರಳು ಅದೇ ಬೆಟ್ಟದ ಮೇಲೆ, ಕೂಗಳತೆಯಲ್ಲಿ ಇದೆ.